ಗಾಡಿ ಹಿಂಭಾರವಾಗದಿರಲಿ!

ನಮ್ಮ ತಾತನವರಿಗೆ ಓದುಬರಹ ಅಷ್ಟಕ್ಕಷ್ಟೆ. ಆದರೆ ಎತ್ತಿನ ಗಾಡಿಗೆ ಭತ್ತದ ಮೂಟೆ ಹೇರುವ ವಿದ್ಯೆಯಲ್ಲಿ ಅವರನ್ನು ಮೀರಿಸಿದವರು ಮಂಡ್ಯದ ಕಡೆಯ ನಮ್ಮ ಆ ಚಿಕ್ಕ ಹಳ್ಳಿಯಲ್ಲಿ ಇರಲಿಲ್ಲ. ಆಳುಗಳು ಮೂಟೆಗಳನ್ನು ಹೊತ್ತು ತಂದು ಹಾಕುತ್ತಿದ್ದರೆ, ತಾತನವರು ಮುಂದೆ ನಿಂತು, ಮೂಕಿಯನ್ನು ಒಂದು ಕೈಯಿಂದ ಎತ್ತಿ ಎತ್ತಿ ನೋಡುತ್ತ, "ಹಿಂಭಾರ ಮಾಡ್ಬ್ಯಾಡ್ರಲಾ, ಎತ್ತಿನ ಕತ್ತು ಹಿಸುಕ್ತದೆ! ಇನ್ನೊಂದ್ ಮೂಟೆ ಮುಂದಕ್ಕಾಕಿ" ಎಂದು ಕೂಗುತ್ತಿದ್ದರು. ಗಾಡಿ ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಎತ್ತುಗಳ ಗಂಟಲನ್ನು ಒತ್ತುತ್ತದೆ. ಮುಂಭಾರವಾದರೆ ನೊಗ ಅವುಗಳ ಹೆಗಲನ್ನು ಜಜ್ಜುತ್ತದೆ. ಎರಡೂ ಆಗದಂತೆ ಹೇರುವುದೇ ಹೇರಿಕೆ. ಹತ್ತು ವರ್ಷದ ಹುಡುಗನಾಗಿದ್ದ ನನಗೆ ಆಗ ಇದೆಲ್ಲ ಮುದುಕರ ಗೊಣಗಾಟವೆಂದೇ ತೋರುತ್ತಿತ್ತು.

ಅದಾದ ಎಷ್ಟೋ ವರ್ಷಗಳ ಮೇಲೆ, ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ, ಇಂಗ್ಲೆಂಡಿನ ಒಂದು ಹೆದ್ದಾರಿಯ ಪಕ್ಕದಲ್ಲಿ ನಡುಗುವ ಕಾಲುಗಳ ಮೇಲೆ ನಿಂತಿದ್ದಾಗ, ತಾತನವರ ಆ ಮಾತಿನ ಬೆಲೆ ನನಗೆ ತಿಳಿಯಿತು. ಅಂದು ನಮ್ಮ ಗಾಡಿಯಲ್ಲಿದ್ದುದು ಭತ್ತವಲ್ಲ, ನಾಲ್ಕು ಬೈಸಿಕಲ್ಲುಗಳು. ಎಳೆಯುತ್ತಿದ್ದುದು ಎತ್ತುಗಳಲ್ಲ, ನನ್ನ ಭಾವನವರ ಮೋಟಾರು ಕಾರು.

ಗಾಲಿಯ ಮೇಲಿನ ಮನೆ

ನನ್ನ ಅಕ್ಕ ಮತ್ತು ಭಾವ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನೆಲೆಸಿ ಹದಿನೈದು ವರ್ಷಗಳಾದುವು. ಭಾವನವರು ವೃತ್ತಿಯಿಂದ ವೈದ್ಯರು. ಹನ್ನೆರಡು ವರ್ಷದ ಮಗಳು, ಒಂಬತ್ತು ವರ್ಷದ ಮಗ. ಎರಡು ವರ್ಷಗಳ ಹಿಂದೆ ಬೇಸಿಗೆಯ ರಜೆಯಲ್ಲಿ ನಾನು ಅವರಲ್ಲಿಗೆ ಹೋದಾಗ, ಮನೆಯ ಮುಂದೆ ಬಿಳಿಯ ಬಣ್ಣದ ಪುಟ್ಟ ಕ್ಯಾರವಾನ್ ಒಂದು ನಿಂತಿತ್ತು. ಅದನ್ನು ಕೊಂಡು ಒಂದು ತಿಂಗಳೂ ಆಗಿರಲಿಲ್ಲ.

ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಒಳಗೆ ಮಲಗಲು ಮಂಚ, ಅಡಿಗೆಗೆ ಒಲೆ, ಕೈತೊಳೆಯಲು ತೊಟ್ಟಿ, ಬಟ್ಟೆಗೆ ಕಪಾಟು ಎಲ್ಲವೂ ಉಂಟು. ನಡುವೆ ಒಂದೇ ಅಚ್ಚು, ಎರಡು ಗಾಲಿ. ಮುಂದುಗಡೆ ತ್ರಿಕೋನಾಕಾರದ ಉಕ್ಕಿನ ಮೂಕಿ. ಆ ಮೂಕಿಯ ತುದಿಯಲ್ಲಿರುವ ಬಟ್ಟಲು, ಕಾರಿನ ಹಿಂಭಾಗದಲ್ಲಿ ಚಾಚಿಕೊಂಡಿರುವ ಉಕ್ಕಿನ ಗುಂಡಿನ ಮೇಲೆ ಕುಳಿತು ಬಿಗಿಯುತ್ತದೆ. ನಮ್ಮ ಎತ್ತಿನ ಗಾಡಿಗೂ ಇದಕ್ಕೂ ಅಂಗರಚನೆಯಲ್ಲಿ ಹೆಚ್ಚಿನ ಅಂತರವಿಲ್ಲವೆಂಬುದನ್ನು ವಾಚಕರು ಆಗಲೇ ಗಮನಿಸಿರಬಹುದು.

ಈ ವಿಹಾರದ ಗಾಡಿಗೂ ಬೈಸಿಕಲ್ಲಿಗೂ ನಂಟು ಬಹಳ ಹಳೆಯದು. ನೌಕಾಪಡೆಯಲ್ಲಿ ವೈದ್ಯರಾಗಿದ್ದು ಮುಂದೆ ಬಾಲಕರ ಸಾಹಸಕಥೆಗಳಿಂದ ಹೆಸರಾದ ಗಾರ್ಡನ್ ಸ್ಟೇಬಲ್ಸ್ ಎಂಬವರು ೧೮೮೫ರಲ್ಲಿ 'ವಾಂಡರರ್' ಎಂಬ ಕುದುರೆಗಾಡಿಯ ಮನೆಯನ್ನು ಕಟ್ಟಿಸಿ, ಇಂಗ್ಲೆಂಡಿನಿಂದ ಸ್ಕಾಟ್‌ಲೆಂಡಿನವರೆಗೂ ವಿಹಾರ ಹೋದರು. ವಿನೋದಕ್ಕೆಂದೇ ಕಟ್ಟಿದ ಕ್ಯಾರವಾನುಗಳಿಗೆ ಅದೇ ಮೂಲಪುರುಷ. ಸುಮಾರು ಎರಡು ಟನ್ ತೂಗುತ್ತಿದ್ದ ಆ ರಥ ಬರುತ್ತಿದೆಯೆಂದು ದಾರಿಯವರನ್ನು ಎಚ್ಚರಿಸಲು ಅವರ ಪರಿಚಾರಕನು ಮೂರು ಗಾಲಿಯ ಸೈಕಲ್ಲನ್ನು ತುಳಿಯುತ್ತ ಮುಂದೆ ಹೋಗುತ್ತಿದ್ದನಂತೆ! ಕ್ಯಾರವಾನ್ ಪ್ರಿಯರ ಸಂಘ ೧೯೦೭ರಲ್ಲಿ ಹುಟ್ಟಿತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ೧೯೧೯ರಲ್ಲಿ, ಕಾರು ಎಳೆಯುವ ಕ್ಯಾರವಾನುಗಳನ್ನು ಮಾರಾಟಕ್ಕೆಂದು ತಯಾರಿಸಲು ಎಕಲ್ಸ್ ಎಂಬ ಸಂಸ್ಥೆ ಆರಂಭಿಸಿದುದು ಅಕ್ಕನವರ ಊರಾದ ಬರ್ಮಿಂಗ್‌ಹ್ಯಾಮಿನಲ್ಲೇ.

ಸ್ಟೇಬಲ್ಸರ ಕಾಲದಲ್ಲಿ ಸೈಕಲ್ಲು ಗಾಡಿಯ ಮುಂದೆ ತನ್ನ ಗಾಲಿಯ ಮೇಲೇ ಓಡುತ್ತಿತ್ತು, ತೊಂದರೆ ಇರಲಿಲ್ಲ. ಈಗ ಅದು ಗಾಡಿಯ ಮೇಲೇರಿ ಕುಳಿತಿದೆ. ತೊಂದರೆ ಹುಟ್ಟುವುದು ಇಲ್ಲಿಯೇ.

ಹೊರಟದ್ದು

ಮೇ ತಿಂಗಳ ಕೊನೆಯ ವಾರ ಅಲ್ಲಿಯ ಶಾಲೆಗಳಿಗೆ ರಜೆ. ಡೆವನ್ ಪ್ರಾಂತದ ಉತ್ತರಕ್ಕೆ ಹೋಗಿ, 'ಟಾರ್ಕಾ ಟ್ರೇಲ್' ಎಂಬ ದಾರಿಯಲ್ಲಿ ನಾಲ್ಕು ದಿನ ಸೈಕಲ್ ತುಳಿಯುವುದೆಂದು ಗೊತ್ತಾಯಿತು. ಹೆನ್ರಿ ವಿಲಿಯಮ್ಸನ್ ಎಂಬ ಲೇಖಕರು ೧೯೨೭ರಲ್ಲಿ ಪ್ರಕಟಿಸಿದ ಕಾದಂಬರಿಯೊಂದರ ನಾಯಕ ಟಾರ್ಕಾ. ಅವನು ಮನುಷ್ಯನಲ್ಲ, ನೀರುನಾಯಿ. ಒಂದು ನೀರುನಾಯಿಯ ಹೆಸರಿನಲ್ಲಿ ನಾಡಿನ ದಾರಿಯೊಂದನ್ನು ಗುರುತಿಸಿದ್ದಾರೆಂದು ಕೇಳಿ, ಸಾಹಿತ್ಯದ ಪಾಠ ಹೇಳುವ ನನಗೆ ಆ ಊರಿನ ಮೇಲೆ ಕಾಣದೆಯೇ ಅಭಿಮಾನ ಹುಟ್ಟಿತು.

ಹೊರಡುವ ಹಿಂದಿನ ಸಂಜೆ ಭಾವನವರು ನಾಲ್ಕು ಸೈಕಲ್ಲುಗಳನ್ನು ಹಿಡಿಯುವ ಅಲ್ಯೂಮಿನಿಯಂ ಚೌಕಟ್ಟೊಂದನ್ನು ಕ್ಯಾರವಾನಿನ ಹಿಂಗೋಡೆಗೆ ಬಿಗಿದರು. ದೊಡ್ಡವರ ಎರಡು ಸೈಕಲ್ಲು, ಮಕ್ಕಳ ಎರಡು. ಒಂದರ ಹಿಂದೊಂದರಂತೆ ಅವು ನೇತಾಡಿದುದು ನೋಡಲು ಬಹು ಸೊಗಸಾಗಿತ್ತು. ಮಳೆ ಬಂದರೆ ತುಕ್ಕು ಹಿಡಿದೀತೆಂದು ಅಕ್ಕ ಮೇಲೊಂದು ಹೊದಿಕೆಯನ್ನೂ ಕಟ್ಟಿಸಿದಳು. ಹಿಂದಿನ ಕಪಾಟಿನೊಳಗೆ ಅವಳ ಅಕ್ಕಿ, ರಾಗಿಹಿಟ್ಟು, ಕುಕ್ಕರು, ಉಪ್ಪಿನಕಾಯಿಯ ಭರಣಿ ಎಲ್ಲವೂ ಸೇರಿದುವು.

"ಭಾವ, ಇಷ್ಟೊಂದು ಭಾರ ಹಿಂದೆ ಹಾಕಿದರೆ ಪರವಾಗಿಲ್ಲವೇ?" ಎಂದು ನಾನು ಕೇಳಿದುದು ನಿಜ. ಆದರೆ ಅದು ಸುಮ್ಮನೆ ಮಾತಿಗೆ ಕೇಳಿದ ಪ್ರಶ್ನೆ.

"ಸಾವಿರ ಕಿಲೋ ಗಾಡಿಗೆ ನಾಲ್ಕು ಸೈಕಲ್ ಯಾವ ಲೆಕ್ಕ ಕಣಯ್ಯಾ!" ಎಂದು ಅವರು ನಕ್ಕರು. ನಾನೂ ನಕ್ಕೆ.

ಸೇತುವೆಯ ಇಳಿಜಾರಿನಲ್ಲಿ

ಎಂ-೫ ಎಂಬ ಹೆದ್ದಾರಿ ಬರ್ಮಿಂಗ್‌ಹ್ಯಾಮಿನ ಬಳಿಯಿಂದ ನೈಋತ್ಯಕ್ಕೆ ಹೋಗುತ್ತದೆ. ಸುಮಾರು ೯೦ ಮೈಲಿ ಸಾಗಿದ ಮೇಲೆ ಬ್ರಿಸ್ಟಲ್ ನಗರದ ಹೊರಗೆ ಏವನ್ ನದಿಯನ್ನು ದಾಟಬೇಕು. ಕೆಳಗೆ ಹಡಗು ಹಾಯುವಷ್ಟು ಎತ್ತರದಲ್ಲಿ ಕಟ್ಟಿರುವ ಏವನ್‌ಮೌತ್ ಸೇತುವೆಯದು. ಕಡಲಿನ ಕಡೆಯಿಂದ ಗಾಳಿ ಅಡ್ಡಲಾಗಿ ಬೀಸುತ್ತದೆ. ಅಲ್ಲಿಯವರೆಗೂ ನಮ್ಮ ಪಯಣ ಸುಖವಾಗಿಯೇ ಇತ್ತು. ಕ್ಯಾರವಾನು ಆಗಾಗ ಸ್ವಲ್ಪ ತೂಗಿದಂತೆ ಕಂಡರೂ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಿಂದಿನ ಆಸನದಲ್ಲಿ ಮಕ್ಕಳಿಬ್ಬರ ನಡುವೆ ಕುಳಿತು ನಾನು ತೆನಾಲಿರಾಮನ ಕಥೆ ಹೇಳುತ್ತಿದ್ದೆ.

ಸೇತುವೆಯ ನೆತ್ತಿಯನ್ನು ದಾಟಿ ಇಳಿಜಾರಿಗೆ ಬಂದಾಗ ವೇಗ ಗಂಟೆಗೆ ೬೦ ಮೈಲಿಯ ಆಸುಪಾಸಿನಲ್ಲಿತ್ತು. ಅದೇ ವೇಳೆಗೆ ದೂರಪ್ರಯಾಣದ ದೊಡ್ಡ ಬಸ್ಸೊಂದು ನಮ್ಮ ಬಲಗಡೆಯಿಂದ ಮುಂದೆ ಹಾಯಿತು. ಬಸ್ಸಿನ ಮುಂದೆ ನೂಕಿಬರುವ ಗಾಳಿ ಕ್ಯಾರವಾನಿನ ಹಿಂಭಾಗವನ್ನು ಎಡಕ್ಕೆ ತಳ್ಳಿತು. ಬಸ್ಸು ಹಾದುಹೋಗುತ್ತಿದ್ದಂತೆ ಅದೇ ಗಾಳಿ ಅದನ್ನು ಬಲಕ್ಕೆ ಸೆಳೆಯಿತು. ಒಂದು ಸಲ ತೂಗಿದುದು ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಎರಡನೆಯ ತೂಗು ಮೊದಲಿನದಕ್ಕಿಂತ ದೊಡ್ಡದು, ಮೂರನೆಯದು ಇನ್ನೂ ದೊಡ್ಡದು. ಕಾರಿನ ಹಿಂಭಾಗವನ್ನು ಯಾರೋ ದೈತ್ಯನು ಎರಡೂ ಕೈಗಳಿಂದ ಹಿಡಿದು ಆಚೀಚೆ ಎಳೆದಾಡಿದಂತಾಯಿತು. ಕಿಟಕಿಯಿಂದ ಹಿಂತಿರುಗಿ ನೋಡಿದರೆ, ಕ್ಯಾರವಾನು ಒಮ್ಮೆ ಎಡಗಡೆಯಲ್ಲಿ ಕಾಣುತ್ತದೆ, ಮತ್ತೊಮ್ಮೆ ಬಲಗಡೆಯಲ್ಲಿ. ಪಕ್ಕದ ಸಾಲಿನಲ್ಲಿ ಲಾರಿ. ಹುಡುಗಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹುಡುಗ "ಮಾಮ!" ಎಂದು ಒಂದೇ ಸಲ ಕೂಗಿ ಸುಮ್ಮನಾದ.

"ಬ್ರೇಕ್ ಹಾಕಿ ಭಾವ, ಬ್ರೇಕ್!" ಎಂದು ನಾನು ಅರಚಿದೆ.

ಭಾವನವರು ಬ್ರೇಕ್ ಹಾಕಲಿಲ್ಲ. ಆಕ್ಸಿಲರೇಟರಿನಿಂದ ಪಾದವನ್ನು ಮೆಲ್ಲನೆ ಎತ್ತಿದರು, ಸ್ಟಿಯರಿಂಗ್ ಚಕ್ರವನ್ನು ನೇರವಾಗಿ, ಅಲ್ಲಾಡದಂತೆ ಹಿಡಿದರು, ಅಷ್ಟೆ. ೫೫, ೫೦, ೪೫… ವೇಗ ಇಳಿದಂತೆ ತೂಗಾಟವೂ ಇಳಿಯಿತು. ಕೆಲವೇ ಕ್ಷಣಗಳ ಆ ಕಾಲ ನಮಗೆಲ್ಲ ಒಂದು ಯುಗವಾಗಿತ್ತು. ಸೇತುವೆ ಮುಗಿದೊಡನೆ ಗಾರ್ಡಾನೋ ಎಂಬಲ್ಲಿ ಹೆದ್ದಾರಿಯ ತಂಗುದಾಣವಿದೆ. ಅಲ್ಲಿ ಒಳಕ್ಕೆ ತಿರುಗಿ ನಿಲ್ಲಿಸಿದಾಗ ಭಾವನವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು. ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ.

ನನ್ನ ಕೂಗನ್ನು ಕೇಳಿ ಅವರು ಬ್ರೇಕನ್ನು ಒತ್ತಿಬಿಟ್ಟಿದ್ದರೆ? ಈ ಕ್ಯಾರವಾನುಗಳ ಬ್ರೇಕು ಹಿಡಿಯುವುದು ಕಾರು ನಿಧಾನವಾದಾಗ ಗಾಡಿ ಹಿಂದಿನಿಂದ ಒತ್ತುವ ಬಲದಿಂದಲೇ. ಓರೆಯಾಗಿರುವ ಗಾಡಿ ಕಾರನ್ನು ಓರೆಯಾಗಿಯೇ ಒತ್ತುತ್ತದೆ. ಆಗ ಎರಡೂ ಮಡಚಿ ಉರುಳುವ ಸಂಭವ ಹೆಚ್ಚು. ತೂಗಾಟವನ್ನು ಎಳೆದು ನೇರಮಾಡಲು ವೇಗವನ್ನು ಹೆಚ್ಚಿಸುವುದೂ ಅಪಾಯವೇ. ಗಾಡಿಯನ್ನು ಮಾರಿದವರು ಕೊಟ್ಟಿದ್ದ ಕಿರುಹೊತ್ತಿಗೆಯ ಕೊನೆಯ ಪುಟದಲ್ಲಿ ಈ ಮಾತಿತ್ತಂತೆ. ಭಾವನವರು ಅದನ್ನು ಓದಿದ್ದರು. ಭಾರವನ್ನು ಹೇರುವ ಬಗೆ ಮೊದಲ ಪುಟದಲ್ಲಿತ್ತು, ಅದನ್ನು ಓದಿರಲಿಲ್ಲ.

ಮುದುಕನ ಪಾಠ

ನಾವು ಗಾಡಿಯ ಸುತ್ತ ಮಂಕಾಗಿ ನಿಂತಿದ್ದಾಗ, ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ವೃದ್ಧರೊಬ್ಬರು ಹತ್ತಿರ ಬಂದರು. ನಲವತ್ತು ವರ್ಷ ಲಾರಿ ನಡೆಸಿ ನಿವೃತ್ತರಾದವರು. ಹಿಂದೆ ನೇತಾಡುತ್ತಿದ್ದ ಸೈಕಲ್ಲುಗಳನ್ನು ಒಮ್ಮೆ ನೋಡಿದರು, ಏನೂ ಹೇಳಲಿಲ್ಲ. ಕ್ಯಾರವಾನನ್ನು ಕಾರಿನಿಂದ ಬಿಡಿಸಲು ಹೇಳಿ, ಮೂಕಿಯ ತುದಿಗೆ ಕೈ ಹಾಕಿ ಎತ್ತಿದರು. ಎಪ್ಪತ್ತು ದಾಟಿದ ಆ ಮುದುಕರು ಒಂದೇ ಕೈಯಿಂದ, ನಿರಾಯಾಸವಾಗಿ, ಅದನ್ನು ಎತ್ತಿಬಿಟ್ಟರು! ಆಮೇಲೆ ಭಾವನವರ ಮುಖವನ್ನು ನೋಡಿ, "ನಾನು ಇದನ್ನು ಎತ್ತಲಾರದೆ ಹೋಗಬೇಕಿತ್ತು, ಡಾಕ್ಟರೇ" ಎಂದರು.

ನನಗೆ ಮೈ ಜುಮ್ಮೆಂದಿತು. ಮೂಕಿಯನ್ನು ಎತ್ತಿ ನೋಡುವ ಆ ಕೈಯನ್ನು ನಾನು ಹಿಂದೆ ಕಂಡಿದ್ದೆ. "ಭಾವ, ಗಾಡಿ ಹಿಂಭಾರವಾಗಿದೆ" ಎಂದೆ.

ಲೆಕ್ಕ ಇಷ್ಟೇ. ಕ್ಯಾರವಾನಿನ ಮೂಕಿ ಕಾರಿನ ಗುಂಡಿನ ಮೇಲೆ ಒಂದು ಗೊತ್ತಾದ ತೂಕದಿಂದ ಒತ್ತುತ್ತಿರಬೇಕು. ಬ್ರಿಟನ್ನಿನಲ್ಲಿ ಇದನ್ನು ಗಾಡಿಯ 'ಮೂಗಿನ ಭಾರ'ವೆನ್ನುತ್ತಾರೆ. ಸಾಮಾನು ಸಹಿತ ಗಾಡಿಯ ತೂಕದಲ್ಲಿ ನೂರಕ್ಕೆ ೫ರಿಂದ ೭ ಪಾಲು ಅಲ್ಲಿರಬೇಕೆಂಬುದು ಅಲ್ಲಿಯ ರೂಢಿಯ ಸಲಹೆ. ಭಾವನವರ ಗಾಡಿ ತುಂಬಿದಾಗ ಸುಮಾರು ೧,೨೦೦ ಕಿಲೋಗ್ರಾಂ. ಎಂದರೆ ೬೦ರಿಂದ ೮೪ ಕಿಲೋ ಬೇಕು. ಸೈಕಲ್ಲು ಕಟ್ಟುವ ಮೊದಲು ಅದು ೭೦ ಕಿಲೋ ಇತ್ತು. ಸರಿಯಾಗಿಯೇ ಇತ್ತು.

ದೊಡ್ಡ ಸೈಕಲ್ಲುಗಳು ೩೦ ಕಿಲೋ, ಚಿಕ್ಕವು ೨೨, ಚೌಕಟ್ಟು ೮. ಒಟ್ಟು ೬೦ ಕಿಲೋ. ಅವು ನೇತಾಡುತ್ತಿದ್ದುದು ಅಚ್ಚಿನಿಂದ ೨.೬ ಮೀಟರ್ ಹಿಂದೆ. ಅಚ್ಚಿನಿಂದ ಮೂಕಿಯ ತುದಿಗೆ ೩.೬ ಮೀಟರ್. ಮಕ್ಕಳ ಏರಾಟದ ಹಲಗೆಯಂತೆ, ಹಿಂದಿನ ಭಾರ ಮುಂದಿನದನ್ನು ಎತ್ತುತ್ತದೆ: ೬೦ನ್ನು ೨.೬ರಿಂದ ಗುಣಿಸಿ ೩.೬ರಿಂದ ಭಾಗಿಸಿದರೆ ೪೩. ಮೂಗಿನ ಮೇಲಿದ್ದ ೭೦ ಕಿಲೋದಲ್ಲಿ ೪೩ ಹೋಗಿ ಉಳಿದುದು ೨೭. ಕಪಾಟಿನ ಅಕ್ಕಿಯೂ ಕುಕ್ಕರೂ ಅದರಲ್ಲಿ ಮತ್ತಷ್ಟನ್ನು ಕಿತ್ತುಕೊಂಡಿದ್ದುವು. ಮುದುಕರ ಒಂದು ಕೈಗೆ ಗಾಡಿ ಹಗುರವಾದುದರಲ್ಲಿ ಆಶ್ಚರ್ಯವೇನು?

ಇದು ಅರ್ಧ ಕಥೆ ಮಾತ್ರ. ತುದಿಯಲ್ಲಿ ಕಟ್ಟಿದ ಭಾರ ತೂಗಲಾರಂಭಿಸಿದರೆ ಅದನ್ನು ನಿಲ್ಲಿಸುವುದು ಕಷ್ಟ. ಉದ್ದನೆಯ ಬಿದಿರಿನ ತುದಿಗೆ ಕಲ್ಲನ್ನು ಕಟ್ಟಿ ಆಚೀಚೆ ಬೀಸಿ ನೋಡಿ. ಅದೇ ಕಲ್ಲನ್ನು ಕೈಹಿಡಿಯ ಹತ್ತಿರ ಕಟ್ಟಿ ಬೀಸಿ ನೋಡಿ. ತೂಕ ಒಂದೇ, ಕೈಗಾಗುವ ಶ್ರಮ ಬೇರೆ. ಈ ಜಡತ್ವ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅಚ್ಚಿನಿಂದ ಅರ್ಧ ಮೀಟರಿನೊಳಗೆ ಇಟ್ಟ ಸೈಕಲ್ಲಿಗಿಂತ ೨.೬ ಮೀಟರ್ ಹಿಂದೆ ನೇತುಹಾಕಿದ ಅದೇ ಸೈಕಲ್ಲು ಸುಮಾರು ೨೭ ಪಟ್ಟು ಹೆಚ್ಚು ಜಡತ್ವವನ್ನು ಸೇರಿಸುತ್ತದೆ. ಬಾತ್ ವಿಶ್ವವಿದ್ಯಾನಿಲಯದ ಎಂಜಿನಿಯರರು ಕಾರು ಮತ್ತು ಕ್ಯಾರವಾನುಗಳ ಸ್ಥಿರತೆಯನ್ನು ಪ್ರಯೋಗಗಳಿಂದ ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದ ಪ್ರಬಂಧವೂ ಮೂಗಿನ ಭಾರ, ಅಚ್ಚಿನ ಸ್ಥಾನ, ಈ ತಿರುಗುಜಡತ್ವ ಇವುಗಳ ಮಹತ್ವವನ್ನೇ ಎತ್ತಿ ಹೇಳುತ್ತದೆ. ತಾತನವರು ಕೈಯಿಂದ ಅಳೆಯುತ್ತಿದ್ದುದನ್ನು ಇವರು ಯಂತ್ರದಿಂದ ಅಳೆದರು.

ಹಾಗಾದರೆ ಎಲ್ಲಿ ಕಟ್ಟಬೇಕು?

ಸೈಕಲ್ಲುಗಳನ್ನು ಒಯ್ಯಲು ಸಾಮಾನ್ಯವಾಗಿ ಐದು ಸ್ಥಳಗಳುಂಟು. ಒಂದೊಂದಕ್ಕೂ ತನ್ನದೇ ಗುಣ, ತನ್ನದೇ ದೋಷ.

ಮೊದಲನೆಯದು, ನಮ್ಮವರು ಮಾಡಿದಂತೆ, ಗಾಡಿಯ ಹಿಂಗೋಡೆ. ಚಿಕ್ಕ ಕ್ಯಾರವಾನಿಗೆ ಇದು ಎಲ್ಲಕ್ಕಿಂತ ಕೆಟ್ಟದು. ಮೇಲೆ ಹೇಳಿದ ದೋಷಗಳಲ್ಲದೆ, ಹಗುರವಾಗಿ ಕಟ್ಟಿದ ಆ ಗೋಡೆಗೆ ನೇತಾಡುವ ಭಾರವನ್ನು ಹೊರುವ ಶಕ್ತಿಯೂ ಎಷ್ಟೋ ವೇಳೆ ಇರುವುದಿಲ್ಲ. ಗಾಡಿಯನ್ನು ಕಟ್ಟಿದವರೇ 'ಇಲ್ಲಿ ಇಷ್ಟು ತೂಕವನ್ನು ಕಟ್ಟಬಹುದು' ಎಂದು ಬರೆದುಕೊಟ್ಟಿದ್ದರೆ ಮಾತ್ರ, ಅದೂ ಮೂಗಿನ ಭಾರವನ್ನು ಅಳೆದು ಸರಿಪಡಿಸಿಕೊಂಡೇ, ಆ ಯೋಚನೆ ಮಾಡಬೇಕು.

ಎರಡನೆಯದು ಮುಂದಿನ ಮೂಕಿ. ತ್ರಿಕೋನದ ಉಕ್ಕಿನ ಚೌಕಟ್ಟಿನ ಮೇಲೆ ಎರಡು ಸೈಕಲ್ಲುಗಳನ್ನು ನಿಲ್ಲಿಸುವ ಸಾಧನಗಳು ದೊರೆಯುತ್ತವೆ. ಭಾರ ಮುಂದಿರುವುದರಿಂದ ಬಾಲದ ತೂಗಾಟದ ಭಯ ಕಡಿಮೆ. ಆದರೆ ಇಲ್ಲಿ ಮುಂಭಾರದ ಭಯ. ಎರಡು ದೊಡ್ಡ ಸೈಕಲ್ಲು ಮತ್ತು ಸಾಧನ ಸೇರಿ ೩೮ ಕಿಲೋ ಎಂದರೆ, ಭಾವನವರ ಗಾಡಿಯಲ್ಲಿ ಮೂಗಿನ ಭಾರ ೨೭ ಕಿಲೋ ಏರಿ ೯೭ ಆಗುತ್ತದೆ. ಅವರ ಕಾರಿನ ಗುಂಡು ಹೊರಬಲ್ಲುದು ೮೦ ಮಾತ್ರ. ಹಿಂದೆ ಅತಿಭಾರ ಬಿದ್ದರೆ ಕಾರಿನ ಮುಂಗಾಲಿಗಳು ನೆಲದ ಹಿಡಿತವನ್ನು ಕಳೆದುಕೊಳ್ಳುತ್ತವೆ. ಮಂಡ್ಯದ ಕಡೆ ಕಬ್ಬಿನ ಹೊರೆ ಎಳೆಯುವ ಟ್ರಾಕ್ಟರು ದಿಬ್ಬದಲ್ಲಿ ಮೂತಿ ಎತ್ತುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದಕಾರಣ ಮೂಕಿಯ ಮೇಲೆ ಸೈಕಲ್ಲನ್ನು ಹೇರುವವರು ಮುಂದಿನ ಪೆಟ್ಟಿಗೆಯ ಸಾಮಾನುಗಳನ್ನು ಅಚ್ಚಿನ ಬಳಿಗೆ ಸರಿಸಬೇಕು. ಕಾರು ಪೂರ್ತಿ ತಿರುಗಿದಾಗ ಸೈಕಲ್ಲಿನ ಹಿಡಿ ಕಾರಿಗೆ ತಾಗುವುದೋ ಎಂದು ಖಾಲಿ ಬಯಲಿನಲ್ಲಿ ನಿಧಾನವಾಗಿ ತಿರುಗಿಸಿ ನೋಡಬೇಕು.

ಮೂರನೆಯದು ಕಾರಿನ ಮಾಡು. ಗಾಡಿಯ ಸಮತೂಕಕ್ಕೆ ಇದರಿಂದ ಬಾಧೆಯಿಲ್ಲ. ಆದರೆ ಮಾಡಿಗೂ ತೂಕದ ಮಿತಿ ಉಂಟು. ಅನೇಕ ಕಾರುಗಳಲ್ಲಿ ಅದು ಅಡ್ಡಪಟ್ಟಿಗಳೂ ಸೇರಿ ೭೫ ಕಿಲೋ. ವಿದ್ಯುತ್ ಸೈಕಲ್ಲುಗಳು ಒಂದೊಂದೇ ೨೫ ಕಿಲೋ ತೂಗುವುದುಂಟು; ಅವನ್ನು ತಲೆಯ ಮೇಲಕ್ಕೆ ಎತ್ತುವುದು ಎಲ್ಲರಿಗೂ ಸಾಧ್ಯವಲ್ಲ. ಮೇಲೆ ಸೈಕಲ್ಲಿರುವುದನ್ನು ಮರೆತು ತಗ್ಗಿನ ಕಮಾನಿನೊಳಗೆ ನುಗ್ಗಿಸಿದವರ ಕಥೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಒಟ್ಟು ಎತ್ತರವನ್ನು ಚೀಟಿಯಲ್ಲಿ ಬರೆದು ಕಣ್ಣೆದುರಿಗೆ ಅಂಟಿಸಿಕೊಳ್ಳುವುದು ಜಾಣತನ.

ನಾಲ್ಕನೆಯದು, ಕಾರಿನ ಗುಂಡಿಗೂ ಗಾಡಿಗೂ ನಡುವೆ ಸಿಕ್ಕಿಸುವ ಸಾಧನ. ಇದರ ಭಾರವೂ ಗುಂಡಿನ ಮಿತಿಯ ಲೆಕ್ಕಕ್ಕೇ ಸೇರುತ್ತದೆ. ಗಾಡಿ ಎಳೆಯುವಾಗಲೂ ಬಳಸಬಹುದೆಂದು ತಯಾರಿಸಿದವರು ಹೇಳಿದ್ದಲ್ಲದೆ ಇದನ್ನು ಬಳಸಬಾರದು.

ಐದನೆಯದು ಗಾಡಿಯ ಒಳಗೆ, ಅಚ್ಚಿನ ನೇರಕ್ಕೆ, ನೆಲದ ಮೇಲೆ. ಸಮತೂಕದ ದೃಷ್ಟಿಯಿಂದ ಇದಕ್ಕೆ ಸಮನಾದುದಿಲ್ಲ. ಸರಪಳಿಯ ಎಣ್ಣೆ ಹಾಸಿಗೆಗೆ ಅಂಟುವುದು, ಪ್ರತಿ ತಂಗುದಾಣದಲ್ಲಿ ಇಳಿಸಿ ಏರಿಸಬೇಕಾದುದು, ಇವು ಇದರ ಕಷ್ಟಗಳು. ಆದರೆ ಒಳಗಿಟ್ಟರೂ ಬಿಗಿಯಾಗಿ ಕಟ್ಟಲೇಬೇಕು. ಕಟ್ಟದ ಸೈಕಲ್ಲು ಒಂದು ತಿರುವಿನಲ್ಲಿ ಕಪಾಟನ್ನು ಒಡೆಯಬಲ್ಲುದು.

ನಾವು ಆ ದಿನ ಮಾಡಿದುದು ಇದನ್ನೇ. ಮುದುಕರ ಸಲಹೆಯಂತೆ ಸೈಕಲ್ಲುಗಳ ಮುಂಗಾಲಿಗಳನ್ನು ಕಳಚಿದೆವು. ಅಕ್ಕನ ಹಳೆಯ ಹತ್ತಿಯ ಸೀರೆಗಳನ್ನು ನೆಲಕ್ಕೆ ಹಾಸಿ, ಅಚ್ಚಿನ ಮೇಲೆ ನಾಲ್ಕನ್ನೂ ಮಲಗಿಸಿ, ಪಟ್ಟಿಗಳಿಂದ ಮಂಚದ ಕಾಲುಗಳಿಗೆ ಬಿಗಿದೆವು. ಅಕ್ಕಿಯೂ ಕುಕ್ಕರೂ ನಡುವಣ ನೆಲಕ್ಕೆ ಬಂದುವು. ಮತ್ತೆ ಮುದುಕರು ಮೂಕಿಗೆ ಕೈ ಹಾಕಿದರು. ಈ ಸಲ ಎರಡು ಕೈ ಹಾಕಿದರೂ ಅದು ಮೇಲೇಳಲಿಲ್ಲ. "ಈಗ ಹೋಗಿ" ಎಂದು ಹೇಳಿ, ತಣ್ಣಗಾಗಿದ್ದ ಚಹಾದ ಕಡೆಗೆ ನಡೆದರು.

ಹೊರಡುವ ಮುನ್ನ

ಕೈಯಿಂದ ಎತ್ತಿ ನೋಡುವುದು ಅನುಭವಿಗಳ ಮಾತಾಯಿತು. ನಮ್ಮ ನಿಮ್ಮಂಥವರು ಸ್ನಾನದ ಮನೆಯ ತೂಕದ ಯಂತ್ರವನ್ನೇ ಬಳಸಬಹುದು. ಸಾಮಾನನ್ನೆಲ್ಲ ತುಂಬಿದ ಮೇಲೆ, ಸಮನೆಲದಲ್ಲಿ, ಕಾರಿನ ಗುಂಡಿನಷ್ಟೇ ಎತ್ತರಕ್ಕೆ ಬರುವಂತೆ ಮರದ ತುಂಡೊಂದನ್ನು ಕತ್ತರಿಸಿ, ಯಂತ್ರದ ಮೇಲೆ ನಿಲ್ಲಿಸಿ, ಮೂಕಿಯ ತುದಿಯನ್ನು ಅದರ ಮೇಲಿಳಿಸಿದರೆ ಮೂಗಿನ ಭಾರ ಕಣ್ಣೆದುರಿಗೇ ತಿಳಿಯುತ್ತದೆ. ಗಾಲಿಗಳು ಉರುಳದಂತೆ ಅಡ್ಡಗಟ್ಟೆ ಕೊಡಲು ಮರೆಯಬಾರದು.

ಒಟ್ಟು ತೂಕದ ಮಾತನ್ನೂ ಹೇಳಬೇಕು. ಭಾವನವರ ಗಾಡಿಯ ಖಾಲಿ ತೂಕ ೧,೦೫೦ ಕಿಲೋ, ಮಿತಿ ೧,೨೦೦. ಅಂತರ ೧೫೦ ಮಾತ್ರ. ಸೈಕಲ್ಲುಗಳೇ ೬೦ ಕಿಲೋ ನುಂಗಿದರೆ ಬಟ್ಟೆ, ಪಾತ್ರೆ, ಆಹಾರಕ್ಕೆ ಉಳಿಯುವುದು ೯೦. ಎಲ್ಲಿ ಕಟ್ಟಿದರೂ, ಗಾಡಿಯ ಮೇಲೆ ಇರುವವರೆಗೆ ಈ ಲೆಕ್ಕ ತಪ್ಪದು. ತುಂಬಿದ ಕ್ಯಾರವಾನು ಕಾರಿನ ತೂಕದ ನೂರಕ್ಕೆ ೮೫ ಪಾಲನ್ನು ಮೀರದಿರಲೆಂದು ಹೊಸಬರಿಗೆ ಅಲ್ಲಿಯವರು ಬುದ್ಧಿ ಹೇಳುತ್ತಾರೆ.

ಕಾನೂನು ಕೂಡ ಸುಮ್ಮನಿಲ್ಲ. ಬ್ರಿಟನ್ನಿನಲ್ಲಿ ಕ್ಯಾರವಾನನ್ನು ಎಳೆಯುವ ಕಾರು ಹೆದ್ದಾರಿಯಲ್ಲಿ ಗಂಟೆಗೆ ೬೦ ಮೈಲಿ, ಒಂಟಿ ರಸ್ತೆಯಲ್ಲಿ ೫೦ ಮೈಲಿಯನ್ನು ಮೀರುವಂತಿಲ್ಲ. ಮೂರು ಸಾಲಿನ ಹೆದ್ದಾರಿಯ ಬಲತುದಿಯ ಸಾಲಿಗೆ ಹೋಗುವಂತಿಲ್ಲ. ಗಾಡಿಯ ಹಿಂದೆ ಕಾರಿನ ನಂಬರೇ ಇರಬೇಕು. ಅದನ್ನಾಗಲಿ ದೀಪಗಳನ್ನಾಗಲಿ ಸೈಕಲ್ಲು ಮರೆಮಾಡಿದರೆ ದಂಡ ತಪ್ಪದು. ಅಕ್ಕ ಅಕ್ಕರೆಯಿಂದ ಕಟ್ಟಿಸಿದ್ದ ಹೊದಿಕೆ ಎಡಗಡೆಯ ದೀಪವನ್ನು ಅರ್ಧ ಮುಚ್ಚಿತ್ತು. ಗಾಳಿಗೆ ಹಾಯಿಯಂತೆ ಉಬ್ಬಿ ತೂಗಾಟಕ್ಕೆ ತನ್ನ ಪಾಲನ್ನೂ ಸಲ್ಲಿಸಿತ್ತು. ೨೦೨೧ರ ಡಿಸೆಂಬರಿನಿಂದ ಅಲ್ಲಿ ಕ್ಯಾರವಾನ್ ಎಳೆಯಲು ಬೇರೆ ಪರೀಕ್ಷೆ ಬೇಕಾಗಿಲ್ಲ. ಸಾಮಾನ್ಯ ಕಾರಿನ ಪರವಾನಗಿಯಲ್ಲೇ ೩,೫೦೦ ಕಿಲೋವರೆಗಿನ ಗಾಡಿಯನ್ನು ಎಳೆಯಬಹುದು. ಪರೀಕ್ಷೆ ಹೋಯಿತೆಂದು ಪಾಠವೂ ಹೋಗಬೇಕೇ?

ತೂಗಾಟವನ್ನು ತಾನೇ ಅರಿತು ಗಾಡಿಯ ಬ್ರೇಕನ್ನು ಹಿಡಿಯುವ ವಿದ್ಯುತ್ ಸಾಧನಗಳು ಈಗ ಬಂದಿವೆ. ಒಳ್ಳೆಯದೇ. ಆದರೆ ಕೆಟ್ಟ ಹೇರಿಕೆಗೆ ಅದು ಮದ್ದಲ್ಲ. ಸೈಕಲ್ಲಿನ ಪಂಪು, ಬುಟ್ಟಿ, ವಿದ್ಯುತ್ ಸೈಕಲ್ಲಿನ ಬ್ಯಾಟರಿ ಇವನ್ನು ಮೊದಲೇ ಕಳಚಿಡಿ. ಗಾಲಿಗಳನ್ನೂ ಪಟ್ಟಿಯಿಂದ ಕಟ್ಟಿ. ಹತ್ತು ಮೈಲಿ ಸಾಗಿದ ಮೇಲೆ ಒಮ್ಮೆ ಇಳಿದು ಎಲ್ಲ ಗಂಟುಗಳನ್ನೂ ಮುಟ್ಟಿ ನೋಡಿ. ಈ ಹತ್ತು ನಿಮಿಷಗಳನ್ನು ಉಳಿಸಿ ಯಾರೂ ಧನಿಕರಾದುದಿಲ್ಲ.

ನೀರುನಾಯಿಯ ದಾರಿಯಲ್ಲಿ

ಮುಂದಿನ ದಾರಿಯನ್ನು ೫೦ ಮೈಲಿಯ ವೇಗದಲ್ಲಿ ಸಾಗಿದೆವು. ಬಸ್ಸುಗಳು, ಲಾರಿಗಳು ಪಕ್ಕದಲ್ಲಿ ಹಾದುಹೋದುವು. ಪ್ರತಿ ಸಲವೂ ನಾವೆಲ್ಲ ಉಸಿರು ಬಿಗಿಹಿಡಿದೆವು. ಕ್ಯಾರವಾನು ಒಮ್ಮೆ ಮೆಲ್ಲನೆ ಅಲುಗಿ ತೆಪ್ಪಗಾಗುತ್ತಿತ್ತು. ಕತ್ತಲಾಗುವ ಮೊದಲೇ ಬಾರ್ನ್‌ಸ್ಟೇಪಲ್ ಸೇರಿದೆವು.

ಮರುದಿನ ಬೆಳಗ್ಗೆ ಒಂದು ಸೈಕಲ್ಲನ್ನು ನನಗೂ ಬಾಡಿಗೆಗೆ ತಂದರು. ಬ್ರಾಂಟನ್ನಿನಿಂದ ಮೀತ್‌ವರೆಗೆ ೩೦ ಮೈಲಿ ಉದ್ದದ ಆ ಸೈಕಲ್ ದಾರಿಯ ಬಹುಭಾಗ ಹಿಂದೆ ರೈಲು ಓಡಿದ ದಾರಿ. ಈಗ ಹಳಿಗಳಿಲ್ಲ, ಏರಿಳಿತವೂ ಇಲ್ಲವೆನ್ನುವಷ್ಟು ಕಡಿಮೆ. ಒಂದು ಕಡೆ ನದಿಯ ಅಗಲವಾದ ಅಳಿವೆ, ನೀರಿಳಿದಾಗ ಕಾಣುವ ಮರಳು. ಇನ್ನೊಂದು ಕಡೆ ಹಸುರು ಹೊಲಗಳು. ಮಕ್ಕಳಿಬ್ಬರೂ ಮುಂದೆ ಹಾರುವಂತೆ ಸಾಗುತ್ತಿದ್ದರು. ನೀರುನಾಯಿ ಕಾಣಿಸಲಿಲ್ಲ. ಹಿಂದಿನ ದಿನ ಸೇತುವೆಯ ಮೇಲೆ ಆಗಬಾರದುದು ಆಗಿದ್ದರೆ, ಎಂಬ ಯೋಚನೆ ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಭಾವನವರ ಮನಸ್ಸಿನಲ್ಲಿಯೂ ಅದೇ ಇದ್ದಿರಬೇಕು. "ನೀನು ಆ ಸಂಜೆ ಕೇಳಿದೆಯಲ್ಲ, ಆಗಲೇ ನಿಲ್ಲಿಸಿ ನೋಡಬೇಕಿತ್ತು" ಎಂದರು. ಕೇಳಿದವನು ಉತ್ತರಕ್ಕೆ ಕಾಯದೆ ನಕ್ಕುಬಿಟ್ಟಿದ್ದೆನಲ್ಲ! ತಪ್ಪಿನಲ್ಲಿ ನನಗೂ ಪಾಲಿತ್ತು.

ಆ ದಿನ ಮಧ್ಯಾಹ್ನ ಹುಡುಗನಿಗೆ ತಾತನವರ ಗಾಡಿಯ ಕಥೆಯನ್ನು ಹೇಳಿದೆ. ಎತ್ತು, ನೊಗ, ಮೂಕಿ, ಅಚ್ಚು, ಒಂದೊಂದು ಮಾತನ್ನೂ ಅವನು ತೊದಲುತ್ತ ಕಲಿತ. ಅವನಿಗೆ ಬಹಳ ಹಿಡಿಸಿದ ಮಾತು 'ಹಿಂಭಾರ'.

ಭಾವನವರ ಆ ಅಲ್ಯೂಮಿನಿಯಂ ಚೌಕಟ್ಟು ಈಗ ಅವರ ತೋಟದಲ್ಲಿ ಬಟಾಣಿ ಬಳ್ಳಿಗೆ ಚಪ್ಪರವಾಗಿದೆಯಂತೆ. ಮೊನ್ನೆ ಅಕ್ಕ ದೂರವಾಣಿಯಲ್ಲಿ ಹೇಳಿದಳು: ಪ್ರತಿ ಸಲ ಕ್ಯಾರವಾನು ಹೊರಡುವಾಗಲೂ ಹುಡುಗನು ತೂಕದ ಯಂತ್ರವನ್ನು ತಂದು ಮೂಕಿಯ ಕೆಳಗಿಟ್ಟು, ಅಂಕೆಯನ್ನು ಗಟ್ಟಿಯಾಗಿ ಓದಿ, ಆಮೇಲೆಯೇ ಕಾರನ್ನು ಹತ್ತುತ್ತಾನೆ. "ಹಿಂಭಾರ ಇಲ್ಲ, ಅಪ್ಪಾ!" ಎಂದು ಅವನು ಕೂಗಿದರೆ ಮಾತ್ರ ಭಾವನವರು ಕೀಲಿ ತಿರುಗಿಸುತ್ತಾರೆ.